ಮಾತು ಕೊಟ್ಟ ರಕ್ಷಕ

ಆಸ್ಟ್ರೇಲಿಯದ ಆಗ್ನೇಯಕ್ಕೆ ಟಾಸ್ಮೇನಿಯ ಎಂಬ ದ್ವೀಪವಿದೆ. 1803ರಲ್ಲಿ ಆಂಗ್ಲರು ಅಲ್ಲಿ ನೆಲೆಯೂರಿದರು. ಮೂಲನಿವಾಸಿಗಳು ಬೇಟೆಯಾಡುತ್ತಿದ್ದ ಬಯಲುಗಳು ಬಂದವರ ಕುರಿಗಳಿಗೆ ಹುಲ್ಲುಗಾವಲಾದವು, ಕಾಳಗ ಹೊತ್ತಿಕೊಂಡಿತು. 1830ರಲ್ಲಿ ಗವರ್ನರ್ ಆರ್ಥರನು ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸಾಲಾಗಿ ನಡೆಸಿ ಆ ಜನರನ್ನು ಒಂದು ಮೂಲೆಗೆ ಅಟ್ಟಲು ಯತ್ನಿಸಿದನು. ಸೆರೆ ಸಿಕ್ಕವರು ಇಬ್ಬರೇ!

ಬಂದೂಕಿನಿಂದ ಆಗದ ಕಾರ್ಯವನ್ನು ಮಾತಿನಿಂದ ಸಾಧಿಸಿದವನು ಜಾರ್ಜ್ ಆಗಸ್ಟಸ್ ರಾಬಿನ್ಸನ್. 1791ರಲ್ಲಿ ಜನಿಸಿದ ಈತನು ಕಟ್ಟಡದ ಕೆಲಸಗಾರನಾಗಿ 1824ರಲ್ಲಿ ಹೋಬಾರ್ಟಿಗೆ ಬಂದನು. ಮೂಲನಿವಾಸಿಗಳ ನುಡಿಯನ್ನು ಅಷ್ಟಿಷ್ಟು ಕಲಿತು, ಟ್ರುಗನಿನಿ ಎಂಬ ತರುಣಿಯೇ ಮೊದಲಾದವರೊಡನೆ ವರ್ಷಗಟ್ಟಲೆ ಕಾಡುಮೇಡು ಅಲೆದನು. ವೈರಿಗಳು ಬೆನ್ನಟ್ಟಿದಾಗ ಈಜು ಬಾರದ ಅವನನ್ನು ಮರದ ದಿಮ್ಮಿಯ ಮೇಲೆ ಹೊಳೆ ದಾಟಿಸಿ ಪ್ರಾಣ ಉಳಿಸಿದವಳು ಟ್ರುಗನಿನಿಯೇ. ಹೋರಾಟ ನಿಲ್ಲಿಸಿದರೆ ಸರ್ಕಾರ ಕಾಪಾಡುವುದೆಂದು ಅವನು ಭರವಸೆಯಿತ್ತನು. ಮುಂದೊಮ್ಮೆ ತಮ್ಮ ನೆಲಕ್ಕೆ ಮರಳಬಹುದೆಂದು ಜನ ನಂಬಿದರು. ಸುಮಾರು 200 ಮಂದಿ ಫ್ಲಿಂಡರ್ಸ್ ದ್ವೀಪ ಸೇರಿದರು. ರಾಬಿನ್ಸನ್ನನಿಗೆ ಸರ್ಕಾರ ಹಣವನ್ನೂ ಭೂಮಿಯನ್ನೂ ನೀಡಿತು.

1835ರಿಂದ ಅವನೇ ಆ ದ್ವೀಪದ ಅಧಿಕಾರಿ. ಜನರಿಗೆ ಹೊಸ ಹೆಸರು, ಹೊಸ ಉಡುಪು, ಹೊಸ ಪ್ರಾರ್ಥನೆಗಳು ದೊರೆತವು. ಊರಿಗೆ ಮರಳುವ ದಾರಿ ಮಾತ್ರ ದೊರೆಯಲಿಲ್ಲ. ರೋಗದಿಂದ ಒಬ್ಬೊಬ್ಬರಾಗಿ ಅಳಿದರು.

1839ರಲ್ಲಿ ರಾಬಿನ್ಸನ್ ಇಂದಿನ ಮೆಲ್ಬರ್ನ್ ನಗರವಿರುವ ಪೋರ್ಟ್ ಫಿಲಿಪ್ ಪ್ರಾಂತಕ್ಕೆ ಮೂಲನಿವಾಸಿಗಳ ಮುಖ್ಯ ರಕ್ಷಕನಾಗಿ ಹೋದನು. ಸಹಾಯಕರು ನಾಲ್ವರು, ಕಾಯಬೇಕಾದ ನಾಡು ವಿಶಾಲ. ಕ್ರೈಸ್ತರಂತೆ ಪ್ರಮಾಣ ಮಾಡಲಾರರೆಂದು ನ್ಯಾಯಾಲಯವು ಮೂಲನಿವಾಸಿಗಳ ಸಾಕ್ಷ್ಯವನ್ನೇ ಸ್ವೀಕರಿಸುತ್ತಿರಲಿಲ್ಲ. ಕೊಲೆಯನ್ನು ಕಣ್ಣಾರೆ ಕಂಡವನ ಬಾಯಿ ಕಟ್ಟಿದ ಮೇಲೆ ರಕ್ಷಕನು ಮಾಡುವುದೇನು? ಅವನು ಟಾಸ್ಮೇನಿಯದಿಂದ ಕರೆತಂದವರಲ್ಲೇ ಇಬ್ಬರು ಕೊಲೆಯ ಆರೋಪಕ್ಕೆ ಗುರಿಯಾದರು. ಅವರ ನಡತೆ ಒಳ್ಳೆಯದೆಂದು ಅವನು ಸಾಕ್ಷಿ ನುಡಿದರೂ 1842ರ ಜನವರಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. 1849ರಲ್ಲಿ ರಕ್ಷಕನ ಹುದ್ದೆಯೇ ರದ್ದಾಯಿತು.

ಇತ್ತ ಫ್ಲಿಂಡರ್ಸ್ ದ್ವೀಪದಲ್ಲಿ ಉಳಿದವರು ಸುಮ್ಮನಿರಲಿಲ್ಲ. 1846ರಲ್ಲಿ ಎಂಟು ಮಂದಿ ವಿಕ್ಟೋರಿಯಾ ರಾಣಿಗೆ ಮನವಿ ಬರೆದರು. ತಾವು ಸೆರೆಯಾಳುಗಳಲ್ಲ, ರಾಬಿನ್ಸನ್ ಮತ್ತು ಗವರ್ನರರೊಡನೆ ಒಪ್ಪಂದ ಮಾಡಿಕೊಂಡ ಸ್ವತಂತ್ರರು. ತಮ್ಮ ಪಾಲಿನ ಮಾತನ್ನು ತಾವು ನಡೆಸಿದ್ದೇವೆ ಎಂದು ಅದರಲ್ಲಿ ತಿಳಿಸಿದರು. ಮರುವರ್ಷ, ಬದುಕಿದ್ದ 47 ಮಂದಿಯನ್ನು ಹೋಬಾರ್ಟಿನ ದಕ್ಷಿಣದ ಆಯ್ಸ್ಟರ್ ಕೋವ್ ಎಂಬಲ್ಲಿಗೆ ಕರೆತರಲಾಯಿತು. ಟ್ರುಗನಿನಿಯೂ ಅವರಲ್ಲಿದ್ದಳು.

ರಾಬಿನ್ಸನ್ ಸ್ವದೇಶಕ್ಕೆ ಮರಳಿ 1866ರಲ್ಲಿ ಬಾತ್ ನಗರದಲ್ಲಿ ತೀರಿಕೊಂಡನು. ಅವನ ದಿನಚರಿಗಳಲ್ಲಿ ಆ ಜನರ ಹೆಸರುಗಳೂ ಪದಗಳೂ ಉಳಿದವು. ಟಾಸ್ಮೇನಿಯದ ಮೂಲನಿವಾಸಿಗಳ ಇಂದಿನ ಪೀಳಿಗೆಯವರು ಇಂತಹ ಬರಹಗಳಿಂದಲೂ ಪದಗಳನ್ನು ಆಯ್ದು, ಪಲಾವ ಕಾನಿ ಎಂಬ ತಮ್ಮ ನುಡಿಯನ್ನು ಮತ್ತೆ ಕಟ್ಟಿಕೊಂಡಿದ್ದಾರೆ.