ಸೋರುವ ನಳ ನಾವೇ ರಿಪೇರಿ ಮಾಡೋಣ

ಟಪ್... ಟಪ್... ಟಪ್...

ರಾತ್ರಿಯೆಲ್ಲಾ ನಳ ಸೋರುತ್ತದೆ. "ಹನಿ ನೀರು, ಹೋದರೆ ಹೋಗಲಿ ಬಿಡು" ಅಂತೀವಿ. ಬಿಡಬಹುದಾ? ಲೆಕ್ಕ ಹಾಕೋಣ.

ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಹೆಚ್ಚು ಕಡಿಮೆ ಒಂದು ಕೊಡ ನೀರು! ಕೊಡ ಹೊತ್ತ ನಮ್ಮ ಸೊಂಟಕ್ಕೆ ಅದರ ಭಾರ ಗೊತ್ತು.

ನಮ್ಮ ನೀರು ದೂರದಿಂದ ಬರುತ್ತದೆ. ಸಿಂಧನೂರು, ಮಸ್ಕಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ. ಲಿಂಗಸುಗೂರು ಕಡೆ ನಾರಾಯಣಪುರ ಬಲದಂಡೆ ಕಾಲುವೆ. ಬೇಸಿಗೆಯಲ್ಲಿ ಕಾಲುವೆ ನಿಂತರೆ ತುಂಬಿಟ್ಟ ನೀರೇ ಗತಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಯಿತು. ಗೇಟು ಕೊಚ್ಚಿಹೋಯಿತು. ಬೆಳೆಗೆ ಬೇಕಾದ ನೀರು ಹೊಳೆ ಪಾಲಾಯಿತು. ಒಂದು ವಾರ ದುಡಿದು, ಕಬ್ಬಿಣದ ತಡೆ ಇಳಿಸಿ ನೀರು ನಿಲ್ಲಿಸಿದರು. ಆಗ ನಾವೆಲ್ಲ ಎಷ್ಟು ಚಿಂತೆ ಮಾಡಿದೆವು!

ಮನೆಯ ನಳವೂ ಒಂದು ಚಿಕ್ಕ ಗೇಟು. ಅದರೊಳಗೆ ವಾಷರ್ ಇರುತ್ತದೆ. ವಾಷರ್ ಅಂದರೆ ರಬ್ಬರಿನ ಬಿಲ್ಲೆ. ಅದು ಸವೆದರೆ ನೀರು ಸೋರುತ್ತದೆ.

"ಅದು ಗಂಡಸರ ಕೆಲಸ" ಅಂತ ಕೂತರೆ ನೀರು ಕಾಯುವುದಿಲ್ಲ. ಒಲೆ ಹಾಕುವ, ಕಳೆ ಕೀಳುವ ಕೈಗೆ ಪಾನಾ ಭಾರವೇ?

ಹೀಗೆ ಮಾಡೋಣ:

1. ಮೊದಲು ನೀರು ಬಂದ್ ಮಾಡೋಣ. ಟಾಕಿಯ ವಾಲ್ವ್ ತಿರುಗಿಸೋಣ. ನಳ ಬಿಟ್ಟು ಪೈಪಿನ ನೀರು ಖಾಲಿ ಮಾಡೋಣ.
2. ಒಂದು ಕೈಯಲ್ಲಿ ನಳ ಗಟ್ಟಿ ಹಿಡಿಯೋಣ. ಇಲ್ಲದಿದ್ದರೆ ಪೈಪು ತಿರುಚೀತು. ಪಾನಾ ಹಾಕಿ ಮೇಲಿನ ನಟ್ಟನ್ನು ಎಡಕ್ಕೆ ತಿರುಗಿಸೋಣ.
3. ಮೇಲಿನ ಭಾಗ ಎತ್ತಿ ತೆಗೆಯೋಣ. ತುದಿಯಲ್ಲಿ ವಾಷರ್ ಕಾಣುತ್ತದೆ.
4. ಹಳೆಯ ವಾಷರನ್ನೇ ಅಂಗಡಿಗೆ ಒಯ್ಯೋಣ. ಅದೇ ಅಳತೆಯದು ಕೇಳೋಣ.
5. ನಳದೊಳಗಿನ ಉಸುಕು ಒರೆಸೋಣ. ಹೊಸ ವಾಷರ್ ಕೂಡಿಸಿ, ನಟ್ಟನ್ನು ಬಲಕ್ಕೆ ಬಿಗಿಯೋಣ.
6. ನಳ ಮುಚ್ಚಿ, ವಾಲ್ವ್ ಮೆಲ್ಲಗೆ ಬಿಡೋಣ. ಹನಿ ನಿಂತಿತಾ ನೋಡೋಣ.

ಇನ್ನೂ ಸೋರಿದರೆ ವಾಷರ್ ಕೂರುವ ಜಾಗವೇ ಸವೆದಿರಬಹುದು. ಆಗ ನಳ ಬದಲಿಸಬೇಕು.

ನೆನಪಿಡಿ: ದಿನಾ ನಳವನ್ನು ಜೋರಾಗಿ ಬಿಗಿಯಬೇಡಿ. ವಾಷರ್ ಬೇಗ ಹಾಳಾಗುತ್ತದೆ. ಅರ್ಧ ಸುತ್ತಿನಲ್ಲೇ ಬಂದ್ ಆಗುವ ಹೊಸ ನಮೂನೆಯ ನಳಗಳಲ್ಲಿ ಇಂಥ ವಾಷರ್ ಇರುವುದಿಲ್ಲ.

ಹೊಸ ಪದಗಳು: ವಾಷರ್, ವಾಲ್ವ್, ನಟ್ಟು, ಪಾನಾ, ಸರಪಳಿ

ಬಿಟ್ಟ ಸ್ಥಳ ತುಂಬಿರಿ:
1. ನಳ ಬಿಚ್ಚುವ ಮೊದಲು ______ ಬಂದ್ ಮಾಡಬೇಕು.
2. ನಟ್ಟು ಬಿಚ್ಚಲು ______ ಕ್ಕೆ ತಿರುಗಿಸಬೇಕು.

ಮಾಡಿ ನೋಡಿ: ಇವತ್ತು ರಾತ್ರಿ ಸೋರುವ ನಳದ ಕೆಳಗೆ ಕೊಡ ಇಡಿ. ಬೆಳಗ್ಗೆ ಎಷ್ಟು ತುಂಬಿದೆ ನೋಡಿ. ನಾಳೆ ಕೇಂದ್ರಕ್ಕೆ ಬಂದು ಹೇಳಿ. ಎಲ್ಲರೂ ಕೂಡಿ ಬರೆದಿಡೋಣ.