ಉಪ್ಪು ನೀರಿನ ಜೀವಿಗಳು

ಅಕ್ಕಂದಿರೇ, ಮೀನಿಗೆ ನಾವು ಉಪ್ಪು ಹಾಕುತ್ತೇವೆ. ಬಿಸಿಲಿಗೆ ಒಣಗಿಸುತ್ತೇವೆ. ಆದರೂ ಮಳೆಗಾಲದಲ್ಲಿ ಕೆಲವು ಸಲ ಒಣಮೀನಿನ ಮೇಲೆ ಕೆಂಪು ಬಣ್ಣ ಬರುತ್ತದೆ. "ಅಷ್ಟು ಉಪ್ಪು ಹಾಕಿದ್ರೂ ಮೀನು ಯಾಕೆ ಕೆಡ್ತು?" ಎಂದು ಕೇಳುತ್ತೇವೆ. ಬನ್ನಿ, ತಿಳಿಯೋಣ.

ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಇವು ಸೂಕ್ಷ್ಮಜೀವಿಗಳು. ಮೀನನ್ನು ಕೊಳೆಸುವುದು ಇವೇ.

ಮಾವಿನ ಮಿಡಿಗೆ ಉಪ್ಪು ಹಾಕಿದರೆ ಏನಾಗುತ್ತದೆ? ಮಿಡಿ ನೀರು ಬಿಡುತ್ತದೆ, ಸುಕ್ಕುತ್ತದೆ. ಸೂಕ್ಷ್ಮಜೀವಿಗೂ ಹಾಗೆಯೇ. ಉಪ್ಪು ಅದರ ಮೈಯ ನೀರನ್ನು ಎಳೆಯುತ್ತದೆ. ಆಗ ಹೆಚ್ಚಿನವು ಬೆಳೆಯಲಾರವು. ಆದರೆ ಎಲ್ಲವೂ ಹಾಗಲ್ಲ.

ಅಘನಾಶಿನಿ ನದಿಯನ್ನು ನೋಡೋಣ. ಅದು ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ. ಮೇಲೆ ಹೊಳೆಯ ನೀರು ಸಿಹಿ. ಅಲ್ಲಿ ಸಿಹಿನೀರಿನ ಜೀವಿಗಳು ಇರುತ್ತವೆ. ಕೆಳಗೆ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಕೂಡುತ್ತವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪು ಇಳಿಯುತ್ತದೆ. ಬೇಸಿಗೆಯಲ್ಲಿ ಏರುತ್ತದೆ. ಉಪ್ಪು ಬದಲಾದಂತೆ ಅಲ್ಲಿನ ಜೀವಿಗಳೂ ಬದಲಾಗುತ್ತವೆ.

ಕಡಲಿನ 1 ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಳಿವೆಯ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಆಗರದಲ್ಲಿ ಬಿಸಿಲಿಗೆ ನೀರು ಆರುತ್ತದೆ. ಉಪ್ಪು ಕಡಲಿಗಿಂತ ಎಷ್ಟೋ ಪಟ್ಟು ಹೆಚ್ಚುತ್ತದೆ. ಅಂಥ ನೀರಿನಲ್ಲೂ ಬದುಕುವ ಜೀವಿಗಳಿವೆ! ಅವಕ್ಕೆ ಉಪ್ಪೇ ಬೇಕು. ಸಿಹಿನೀರಿಗೆ ಹಾಕಿದರೆ ಮೈ ಒಡೆದು ಸಾಯುತ್ತವೆ. ಅವುಗಳಲ್ಲಿ ಕೆಲವಕ್ಕೆ ಕೆಂಪು ಬಣ್ಣ. ಅವು ಬಹಳ ಬೆಳೆದರೆ ಆಗರದ ನೀರೂ ಕೆಂಪಾಗುತ್ತದೆ.

ಈ ಕೆಂಪು ಜೀವಿಗಳು ಉಪ್ಪಿನ ಜೊತೆ ಮನೆಗೂ ಬರುತ್ತವೆ. ಮೀನು ಚೆನ್ನಾಗಿ ಒಣಗಿದ್ದರೆ ಬೆಳೆಯುವುದಿಲ್ಲ. ತೇವ ತಾಗಿದರೆ ಬೆಳೆಯುತ್ತವೆ. ಮೀನು ಕೆಡುತ್ತದೆ. ನಮ್ಮ ದುಡಿಮೆ ಹಾಳಾಗುತ್ತದೆ.

ಹಾಗಾದರೆ ನಾವು ಏನು ಮಾಡಬೇಕು?

1. ಮೀನನ್ನು ನೆಲದ ಮೇಲೆ ಹರಡಬಾರದು. ಎತ್ತರದ ತಟ್ಟಿಯ ಮೇಲೆ ಪೂರ್ತಿ ಒಣಗಿಸಬೇಕು.
2. ಒಮ್ಮೆ ಮೀನಿಗೆ ಹಾಕಿದ ಉಪ್ಪನ್ನು ಮತ್ತೆ ಬಳಸಬಾರದು.
3. ಪಾತ್ರೆಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು.
4. ಒಣಮೀನನ್ನು ತೇವ ತಾಗದಂತೆ ಕಟ್ಟಿಡಬೇಕು.
5. ಕೆಂಪಾಗಿ ಅಂಟಂಟಾದ ಮೀನನ್ನು ತಿನ್ನಬಾರದು, ಮಾರಲೂ ಬಾರದು.

ಇನ್ನೊಂದು ಮಾತು. "ಬಾವಿ ನೀರು ಉಪ್ಪುಪ್ಪು. ಅದರಲ್ಲಿ ರೋಗ ಇರೂದಿಲ್ಲ" ಎಂದು ಕೆಲವರು ಹೇಳುತ್ತಾರೆ. ಇದು ತಪ್ಪು. ಕಾಲರಾ ರೋಗದ ಜೀವಿ ಅಳಿವೆಯ ಸವುಳು ನೀರಿನಲ್ಲೂ ಬದುಕುತ್ತದೆ. ಸ್ವಲ್ಪ ಉಪ್ಪು ಅದಕ್ಕೆ ಹಿತ. ಆದ್ದರಿಂದ ಕುಡಿಯಲು ಸಿಹಿನೀರನ್ನೇ ತರೋಣ. ಅದನ್ನೂ ಕುದಿಸಿ, ಆರಿಸಿ, ಮುಚ್ಚಿಡೋಣ. ಕುದಿಸಿದರೆ ರೋಗದ ಜೀವಿಗಳು ಸಾಯುತ್ತವೆ. ಆದರೆ ನೀರಿನ ಉಪ್ಪು ಹೋಗುವುದಿಲ್ಲ.

ಉಪ್ಪು ಒಳ್ಳೆಯ ಕಾವಲುಗಾರ. ಆದರೆ ಅದೊಂದೇ ಸಾಲದು. ಬಿಸಿಲು ಬೇಕು, ಬೆಂಕಿ ಬೇಕು, ನಮ್ಮ ಎಚ್ಚರವೂ ಬೇಕು.

ಓದಿ, ಉತ್ತರ ಹೇಳಿ:

1. ಉಪ್ಪು ಹಾಕಿದಾಗ ಮಾವಿನ ಮಿಡಿ ಯಾಕೆ ಸುಕ್ಕುತ್ತದೆ?
2. ಆಗರದ ನೀರು ಯಾಕೆ ಕೆಂಪಾಗುತ್ತದೆ?
3. ನಿಮ್ಮ ಮನೆಯಲ್ಲಿ ಒಣಮೀನನ್ನು ಹೇಗೆ ಕಟ್ಟಿಡುತ್ತೀರಿ? ಎರಡು ವಾಕ್ಯ ಬರೆಯಿರಿ.