ಯುರೇನಿಯಮ್ಮಿನ ಧಾರಣೆ

ನರಿಮೊಗರಿನ ಕೃಷಿಕನು ಅಡಿಕೆಯನ್ನು ಪುತ್ತೂರಿನ ಪೇಟೆಗೆ ಒಯ್ಯುವ ಮುನ್ನ ಅಂದಿನ ಧಾರಣೆಯನ್ನು ವಿಚಾರಿಸುತ್ತಾನೆ. ಧಾರಣೆ ಇಳಿದಿದ್ದರೆ ಚೀಲಗಳನ್ನು ಮನೆಯಲ್ಲಿಯೇ ಇರಿಸಿಕೊಂಡು ಕಾಯುತ್ತಾನೆ. ಏರಿದ್ದರೆ ಹೊಸ ತೋಟ ಎಬ್ಬಿಸುವ ಯೋಚನೆ ಮಾಡುತ್ತಾನೆ. ಆದರೆ ಇಂದು ನೆಟ್ಟ ಸಸಿ ಫಲ ಕೊಡುವುದು ಐದಾರು ವರ್ಷಗಳ ಬಳಿಕ. ಅಷ್ಟರಲ್ಲಿ ಧಾರಣೆ ಎಲ್ಲಿರುವುದೋ ಬಲ್ಲವರಾರು? ಪರಮಾಣು ವಿದ್ಯುದಾಗಾರಗಳ ಇಂಧನವಾದ ಯುರೇನಿಯಮ್ಮಿಗೂ ಇಂತಹುದೇ ಒಂದು ಪೇಟೆಯುಂಟು. ಅದರ ಏರಿಳಿತಗಳು ಅಡಿಕೆಯದಕ್ಕಿಂತಲೂ ವಿಚಿತ್ರವಾದುವು. ಅವುಗಳಿಗೆ ಕಾರಣವೇನೆಂಬುದನ್ನು ಇಲ್ಲಿ ವಿಚಾರಿಸೋಣ.

1789ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಕ್ಲಾಪ್ರೋತನು ಪಿಚ್‌ಬ್ಲೆಂಡ್ ಎಂಬ ಕಪ್ಪು ಅದಿರಿನಲ್ಲಿ ಈ ಧಾತುವನ್ನು ಗುರುತಿಸಿ, ಅದಕ್ಕೆ ಎಂಟು ವರ್ಷ ಹಿಂದೆಯಷ್ಟೇ ಪತ್ತೆಯಾಗಿದ್ದ ಯುರೇನಸ್ ಗ್ರಹದ ಹೆಸರನ್ನಿಟ್ಟನು. ನೂರು ವರ್ಷಗಳ ಕಾಲ ಅದರ ಮುಖ್ಯ ಉಪಯೋಗವೆಂದರೆ ಗಾಜಿಗೂ ಪಿಂಗಾಣಿಗೂ ಹಳದಿ, ಹಸುರು ಬಣ್ಣ ಕೊಡುವುದು. 1898ರಲ್ಲಿ ಕ್ಯೂರಿ ದಂಪತಿಗಳು ಬೊಹೀಮಿಯದ ಯೋಆಖಿಮ್‌ಸ್ಟಾಲ್ ಗಣಿಯ ಅದಿರಿನಲ್ಲಿ ರೇಡಿಯಮ್ಮನ್ನು ಕಂಡುಹಿಡಿದರು. ಆ ಮೇಲೆ ಗಣಿಯವರಿಗೆ ಬೇಕಾದುದು ರೇಡಿಯಮ್ಮೇ ಹೊರತು ಯುರೇನಿಯಮ್ಮಲ್ಲ. ಒಂದು ಗ್ರಾಮ್ ರೇಡಿಯಮ್ ಇರುವ ಅದಿರಿನಲ್ಲಿ ಸುಮಾರು ಮೂರು ಟನ್ ಯುರೇನಿಯಮ್ ಇರುತ್ತದೆ. ಅದರ ಬಹುಭಾಗ ಗಿರಾಕಿಯಿಲ್ಲದೆ ಉಳಿಯುತ್ತಿದ್ದಿತು. ಬೆಲ್ಜಿಯನ್ ಕಾಂಗೋದ ಶಿಂಕೊಲೊಬ್ವೆ ಎಂಬಲ್ಲಿಯ ಸಮೃದ್ಧ ಗಣಿಯೂ ರೇಡಿಯಮ್ಮಿಗಾಗಿಯೇ ನಡೆಯಿತು.

1938ರ ಕೊನೆಯಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಮ್ಮಿನ ವಿದಳನವನ್ನು ಕಂಡುದೇ ತಡ, ಉಳಿಕೆಯ ಈ ವಸ್ತು ರಾಷ್ಟ್ರಗಳ ರಹಸ್ಯ ಸಂಪತ್ತಾಯಿತು. ಕಾಂಗೋ ಗಣಿಯ ಮುಖ್ಯಾಧಿಕಾರಿ ಸೆಂಜಿಯೆ ಎಂಬುವರು 1940ರಲ್ಲಿ ಸಾವಿರ ಟನ್ನಿಗೂ ಮಿಕ್ಕ ಅದಿರನ್ನು ನ್ಯೂಯಾರ್ಕಿಗೆ ಸಾಗಿಸಿ ದಾಸ್ತಾನು ಮಾಡಿದ್ದರು. ಅಮೆರಿಕದ ಸೇನೆ ಅದನ್ನು 1942ರಲ್ಲಿ ಕೊಂಡಿತು. ಯುದ್ಧಾನಂತರ ಆ ದೇಶದ ಸರಕಾರವೇ ಅಲ್ಲಿಯ ಏಕಮಾತ್ರ ಗಿರಾಕಿ. ಅದು ಗೊತ್ತುಮಾಡಿದುದೇ ಧಾರಣೆ. ಯೂಟಾ ಪ್ರಾಂತದಲ್ಲಿಯೂ ಕೆನಡಾದ ಎಲಿಯಟ್ ಲೇಕಿನಲ್ಲಿಯೂ ಗಣಿಗಾರರು ಮುಗಿಬಿದ್ದರು. ಅಣ್ವಸ್ತ್ರಗಳಿಗೆ ಸಾಕಷ್ಟು ದಾಸ್ತಾನಾಯಿತೆಂದು 1959ರಲ್ಲಿ ಅಮೆರಿಕವು ಕೆನಡಾದೊಡನೆ ಒಪ್ಪಂದಗಳನ್ನು ಮುಂದುವರಿಸಲು ನಿರಾಕರಿಸಿತು; ಎಲಿಯಟ್ ಲೇಕಿನ ಹಲವು ಗಣಿಗಳು ಮುಚ್ಚಿದುವು.

ವಿದ್ಯುದಾಗಾರಗಳು ಹೆಚ್ಚಿದ ಮೇಲೆ ನಿಜವಾದ ಪೇಟೆ ಹುಟ್ಟಿತು. 1970ರ ದಶಕದ ಮೊದಲಿಗೆ ಯುರೇನಿಯಮ್ ಆಕ್ಸೈಡಿನ ಬೆಲೆ ಪೌಂಡಿಗೆ ಸುಮಾರು 6 ಡಾಲರ್. ತೈಲದ ಬಿಕ್ಕಟ್ಟೂ ಉತ್ಪಾದಕರ ಗುಪ್ತ ಕೂಟವೂ ಸೇರಿ 1976ರ ವೇಳೆಗೆ ಅದು 40 ಡಾಲರ್ ಆಯಿತು. ನಿಗದಿಯಾದ ಅಗ್ಗದ ಬೆಲೆಗೆ ಇಂಧನ ಒದಗಿಸುವುದಾಗಿ ಮಾತುಕೊಟ್ಟಿದ್ದ ವೆಸ್ಟಿಂಗ್‌ಹೌಸ್ ಕಂಪೆನಿ 1975ರಲ್ಲಿಯೇ ಕೈಚೆಲ್ಲಿತ್ತು. 1979ರ ತ್ರೀ ಮೈಲ್ ಐಲೆಂಡ್ ಅಪಘಾತದ ಅನಂತರ ಬೇಡಿಕೆ ಕುಗ್ಗಿತು. 1993ರ ಒಪ್ಪಂದದಂತೆ ರಷ್ಯದ ಸಿಡಿತಲೆಗಳ 500 ಟನ್ ಸಮೃದ್ಧ ಯುರೇನಿಯಮ್ ಕೂಡ ಇಂಧನವಾಗಿ ಪೇಟೆಗೆ ಬರತೊಡಗಿತು. 2000ದ ಕೊನೆಗೆ ಧಾರಣೆ 7 ಡಾಲರಿನ ಆಸುಪಾಸಿಗೆ ಇಳಿದಿದ್ದರೆ, 2007ರಲ್ಲಿ 136 ಡಾಲರಿಗೆ ನೆಗೆಯಿತು.

ಇಷ್ಟು ಏರಿಳಿತವೇಕೆ? ಉತ್ತರವಿರುವುದು ಭೌತವಿಜ್ಞಾನದಲ್ಲಿ. ಕೈಗಾದಂತಹ ಭಾರಜಲ ರಿಯಾಕ್ಟರಿನಲ್ಲಿ ಒಂದು ಕಿಲೋಗ್ರಾಮ್ ನೈಸರ್ಗಿಕ ಯುರೇನಿಯಮ್ಮಿನಿಂದ ಸುಮಾರು 50,000 ಯೂನಿಟ್ ವಿದ್ಯುಚ್ಛಕ್ತಿ ದೊರೆಯುತ್ತದೆ. ಪೌಂಡಿಗೆ 136 ಡಾಲರ್ ಇದ್ದಾಗಲೂ ಒಂದು ಯೂನಿಟ್ಟಿನಲ್ಲಿ ಸೇರುವ ಯುರೇನಿಯಮ್ಮಿನ ಬೆಲೆ ಒಂದು ಸೆಂಟಿಗಿಂತ ಕಡಿಮೆ. ಆದುದರಿಂದ ಬೆಲೆ ಏರಿದರೂ ಗಿರಾಕಿ ಕೊಳ್ಳುವುದನ್ನು ಬಿಡುವುದಿಲ್ಲ. ಇಳಿದರೆ ಹೆಚ್ಚು ಉರಿಸುವಂತೆಯೂ ಇಲ್ಲ. ಇತ್ತ ಹೊಸ ಗಣಿ ಸಿದ್ಧವಾಗಲು ಹತ್ತು ವರ್ಷಗಳಾದರೂ ಬೇಕು. ಅವಸರದಲ್ಲಿ ಬಾಗದ ಬೇಡಿಕೆ, ಅವಸರದಲ್ಲಿ ಬೆಳೆಯದ ಪೂರೈಕೆ. ಇವೆರಡರ ನಡುವೆ ಧಾರಣೆಯೊಂದೇ ತೂಗಾಡುತ್ತದೆ.

ಆದರೆ ಹಣವಿದ್ದ ಮಾತ್ರಕ್ಕೆ ಈ ವಸ್ತು ದೊರೆಯದೆಂಬುದನ್ನು ನಮ್ಮ ದೇಶ ಅನುಭವದಿಂದ ಅರಿಯಿತು. 1974ರ ಪೋಖರಣ್ ಸ್ಫೋಟದ ತರುವಾಯ ವಿದೇಶಗಳ ಬಾಗಿಲು ಭಾರತಕ್ಕೆ ಬಹುಮಟ್ಟಿಗೆ ಮುಚ್ಚಿತು. ಉಳಿದುದು 1951ರಲ್ಲಿ ಪತ್ತೆಯಾಗಿದ್ದ ಜಾದುಗುಡದಂತಹ ಸ್ವದೇಶದ ನಿಕ್ಷೇಪಗಳು. ಅಲ್ಲಿ ಒಂದು ಟನ್ ಅದಿರಿನಲ್ಲಿ ಯುರೇನಿಯಮ್ ಒಂದು ಕಿಲೋಗ್ರಾಮಿಗೂ ಕಡಿಮೆ. 2007-08ರ ವೇಳೆಗೆ ದೇಶದ ರಿಯಾಕ್ಟರುಗಳು ಇಂಧನದ ಅಭಾವದಿಂದ ಶಕ್ತಿಮೀರಿ ನಡೆಯುವುದಿರಲಿ, ಪೂರ್ಣಶಕ್ತಿಯಲ್ಲಿಯೂ ನಡೆಯಲಾರದಾದುವು. ಉತ್ತರ ಕನ್ನಡದ ಕೈಗಾದಲ್ಲಿ ನಾಲ್ಕನೆಯ ಘಟಕವು ಇಂಧನಕ್ಕಾಗಿ ಕಾದು, 2010ರ ನವೆಂಬರಿನಲ್ಲಿ ಚಾಲನೆ ಪಡೆಯಿತು. ಅಷ್ಟರಲ್ಲಿ 2008ರ ಸೆಪ್ಟೆಂಬರಿನಲ್ಲಿ ಪೂರೈಕೆದಾರ ರಾಷ್ಟ್ರಗಳ ಕೂಟವು ನಿರ್ಬಂಧವನ್ನು ಸಡಿಲಿಸಿತ್ತು. ಹೊರಗಿನ ಯುರೇನಿಯಮ್ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಟ್ಟ ರಿಯಾಕ್ಟರುಗಳಿಗೆ ಹೋಗತೊಡಗಲು, ಸ್ವದೇಶದ ಯುರೇನಿಯಮ್ ಕೈಗಾದಂತಹ ಉಳಿದ ಕಡೆಗಳಿಗೆ ಒದಗಿತು. ಅದೇ ಇಂಧನದಿಂದ ಕೈಗಾದ ಒಂದನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಅಂದು ಜಗತ್ತಿನ ದಾಖಲೆ ಸ್ಥಾಪಿಸಿತು.

ಕೊನೆಯದಾಗಿ, ಧಾರಣೆಯಲ್ಲಿ ಸೇರದ ಒಂದು ವೆಚ್ಚವನ್ನೂ ನೆನೆಯಬೇಕು. ಅಮೆರಿಕದ ಗಣಿಗಳಲ್ಲಿ ದುಡಿದ ನವಾಹೋ ಜನಾಂಗದ ಅನೇಕರು ರೇಡಾನ್ ಅನಿಲದಿಂದ ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾದರು. ಪರಿಹಾರದ ಕಾನೂನು ಬಂದುದು 1990ರಲ್ಲಿ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಜಾದುಗುಡಕ್ಕಿಂತ ಉತ್ತಮ ಅದಿರು ಸಿಕ್ಕಿ ಪರಿಶೋಧನೆಯ ಗಣಿ ತೋಡಿದಾಗ, ಗ್ರಾಮಸ್ಥರು ತಮ್ಮ ನೀರಿಗೂ ಆರೋಗ್ಯಕ್ಕೂ ಕೇಡಾದೀತೆಂದು ವಿರೋಧಿಸಿದರು. ಅಡಿಕೆಯ ಧಾರಣೆಯನ್ನು ಕೃಷಿಕನು ಪೇಟೆಯಲ್ಲಿ ಕೇಳಿ ತಿಳಿಯಬಲ್ಲನು. ಯುರೇನಿಯಮ್ಮಿನ ಬೆಲೆಯನ್ನು ತಿಳಿಯಬೇಕಾದರೆ ಪೇಟೆಯೊಡನೆ ರಾಷ್ಟ್ರಗಳ ಒಪ್ಪಂದಗಳನ್ನೂ, ಅದಿರಿನ ಮೇಲೆ ವಾಸಿಸುವ ಜನರ ಮಾತನ್ನೂ ಕೇಳಬೇಕು.